ಹಿಂಗಣೆಯ ಗುಡಿಸಲಲ್ಲಿ ಮಡಿ ಯಾಕಿತ್ತು?

ಧಾರವಾಡದ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ. ಧೋಂಡೋ ಕೇಶವ ಕರ್ವೆಯವರನ್ನು ದೊಡ್ಡ ಸುಧಾರಕರು ಅಂತೀರಿ, ವಿಧವೆಯರನ್ನು ಓದಿಸಲು ಅವರು ಪುಣೆ ಹತ್ತಿರ ನಡೆಸಿದ ಹಿಂಗಣೆ ಆಶ್ರಮದಲ್ಲಿ ತಲೆ ಬೋಳಿಸಿಕೊಂಡ ವಿಧವೆಯರು ಹಾಗೇ ಇದ್ದರು, ಮಡಿಯೂ ನಡೀತಿತ್ತು, ಇದೆಂಥ ಸುಧಾರಣೆ ಅನ್ನೋದು ಅವರ ಪ್ರಶ್ನೆ.

ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕೂ ಮುಂಚೆ ಪುಣೆಯಲ್ಲಿ ಏನಾಗಿತ್ತು ನೋಡಿ. ಪಂಡಿತಾ ರಮಾಬಾಯಿ ನಮ್ಮ ಕಡೆಯವರೇ, 1858ರಲ್ಲಿ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ವಿಧವೆಯರು ಉಳಿದುಕೊಂಡು ಓದಲಿ ಅಂತ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, ಮರುವರ್ಷ ಪುಣೆಗೆ ತಂದರು. ತಾವು ಕ್ರೈಸ್ತರಾಗಿದ್ದರೂ ಹುಡುಗಿಯರ ಜಾತಿ ಆಚಾರಕ್ಕೆ ಅಡ್ಡಿ ಮಾಡಿರಲಿಲ್ಲ. ಆದರೂ 1893ರಲ್ಲಿ ಮತಾಂತರದ ಗುಲ್ಲೆದ್ದು, ಮನೆಯವರು ಬಂದು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋಗಿಬಿಟ್ಟರು. ಊರಿನ ಮರ್ಯಾದೆ ಉಳಿಯಿತು, ಆ ಹುಡುಗಿಯರ ಓದು ನಿಂತಿತು.

ಅದೇ ವರ್ಷ ಕರ್ವೆ ಆ ಸದನದಲ್ಲೇ ಓದಿದ ಗೋಡೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಅವರ ಸ್ವಂತ ಊರು ಮುರುಡ್ ಬಹಿಷ್ಕಾರ ಹಾಕಿತು. ಇಂಥ ಮನುಷ್ಯ 1896ರಲ್ಲಿ ಆಶ್ರಮ ತೆರೆದರೆ ಮಗಳನ್ನು ಯಾರು ಕಳಿಸ್ತಾರೆ ಹೇಳಿ? ಅದಕ್ಕೇ ಅವರು ಇಲ್ಲಿ ಮರುಮದುವೆ ಮಾಡಿಸೋದಿಲ್ಲ, ಓದಿಸೋದು ಅಷ್ಟೇ ಅಂತ ನಿಂತರು. ತಲೆ ಬೋಳಿಸಿದ್ದರೆ ಇರಲಿ, ಮೊದಲು ಅಕ್ಷರ ಬರಲಿ ಅನ್ನೋ ಲೆಕ್ಕ. ನನಗೆ ಆ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

1900ರಲ್ಲಿ ಆಶ್ರಮ ಪುಣೆಯಾಚೆಯ ಹಿಂಗಣೆಗೆ ಬಂತು. ಇದ್ದದ್ದು ಒಂದು ಗುಡಿಸಲು. ಹಗಲು ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಹೇಳಿ, ಸಂಜೆ ದಿನಸಿ ಹೊತ್ತುಕೊಂಡು ಕರ್ವೆ ನಡೆದೇ ಬರುತ್ತಿದ್ದರು, ಮಳೆಗಾಲದಲ್ಲಿ ಕೆಸರು ತುಳಿದುಕೊಂಡು. ಬಂದು ಪಾಠ ಮಾಡಿ, ಅಲ್ಲೇ ಮಲಗಿ, ಬೆಳಗ್ಗೆ ಮತ್ತೆ ಕಾಲೇಜು. ಒಳಗಿನ ಸಂಸಾರ ನೋಡಿಕೊಂಡವರು ಗೋಡೂಬಾಯಿಯ ಅಕ್ಕತಂಗಿಯರಲ್ಲೊಬ್ಬರಾದ ಪಾರ್ವತೀಬಾಯಿ ಆಠವಲೆ. ಅವರೂ ವಿಧವೆ, ತಲೆ ಬೋಳಿಸಿಕೊಂಡವರು. ಇಪ್ಪತ್ತು ದಾಟಿದ ಮೇಲೆ ಓದು ಶುರು ಮಾಡಿದ ಅವರು ಆಶ್ರಮಕ್ಕಾಗಿ ಊರೂರು ತಿರುಗಿ ಚಂದಾ ಎತ್ತಿದರು, ಮುಂದೆ ಅಮೆರಿಕದವರೆಗೂ ಹೋದರು. ಅಷ್ಟೇ ಅಲ್ಲ, ಒಂದು ದಿನ ತಲೆ ಬೋಳಿಸೋದನ್ನು ತಾವಾಗೇ ನಿಲ್ಲಿಸಿದರು. ಕರ್ವೆ ಮೊದಲೇ ಹಟ ಹಿಡಿದು ಕೂದಲು ಬಿಡಿಸಿದ್ದರೆ ಇಂಥವರು ಆ ಗುಡಿಸಲಿಗೆ ಬರುತ್ತಲೇ ಇರಲಿಲ್ಲ, ಅಲ್ವಾ?

ಆದರೆ ಒಂದು ಕಡೆ ನಾನು ನಿಮ್ಮ ಜೊತೆ. ಮೇಲ್ಜಾತಿ ಮನೆಗಳ ನಂಬಿಕೆ ಉಳಿಸಿಕೊಳ್ಳಲು ಆಶ್ರಮ ಬಹಳ ಕಾಲ ಬ್ರಾಹ್ಮಣ ವಿಧವೆಯರದ್ದೇ ಆಗಿತ್ತು. ಕೂದಲಿನ ವಿಷಯದಲ್ಲಿ ಕಾಯಬಹುದಿತ್ತು, ಸರಿ. ಬೇರೆ ಜಾತಿಯ ಹೆಣ್ಣುಮಕ್ಕಳು ಮಾತ್ರ ಯಾಕೆ ಕಾಯಬೇಕಿತ್ತು? ಅದಕ್ಕೆ ನಾನು ಸಮರ್ಥನೆ ಕೊಡುವುದಿಲ್ಲ.