ಎಚ್-ಇಂಡೆಕ್ಸ್ 61 ಇದ್ದವರೇ ಒಳ್ಳೆಯ ಗೈಡಾ?

ಪತ್ರ: ಮಗಳು ಕ್ಯಾನ್ಸರ್ ಸಂಶೋಧನೆಯಲ್ಲಿ ಪಿಎಚ್‌ಡಿ ಮಾಡಬೇಕೆಂದಿದ್ದಾಳೆ. ಇಬ್ಬರು ಗೈಡ್‌ಗಳು ಒಪ್ಪಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ನೋಡಿದೆ. ಒಬ್ಬರ ಎಚ್-ಇಂಡೆಕ್ಸ್ 61, ಇನ್ನೊಬ್ಬರದು 19. ಮೊದಲನೆಯವರನ್ನೇ ಹಿಡಿ ಅಂದರೆ ಅವಳು ಕೇಳುತ್ತಿಲ್ಲ. ನೀವಾದರೂ ಹೇಳಿ.

ಸಂಪಾದಕರ ಉತ್ತರ: ನಮಸ್ಕಾರ. ನೀವು ಹುಡುಕಿ ನೋಡಿದ್ದು ಒಳ್ಳೆಯದೇ ಆಯಿತು. ಆದರೆ ಸಂಶೋಧಕರ ಪೇಪರ್‌ಗಳನ್ನು ಪಟ್ಟಿ ಮಾಡಿಕೊಡುವ ಆ ಗೂಗಲ್ ಸ್ಕಾಲರ್ ಪುಟದಲ್ಲಿ ಎಲ್ಲಕ್ಕಿಂತ ಕಡಿಮೆ ವಿಷಯ ಹೇಳುವ ಅಂಕಿಯ ಹತ್ತಿರವೇ ನಿಂತುಬಿಟ್ಟಿದ್ದೀರಿ ಅನ್ನಿಸುತ್ತೆ.

ಎಚ್-ಇಂಡೆಕ್ಸ್ 19 ಅಂದರೆ ಏನು? ಅವರ 19 ಪೇಪರ್‌ಗಳಲ್ಲಿ ಒಂದೊಂದಕ್ಕೂ ಬೇರೆ ಪೇಪರ್‌ಗಳಲ್ಲಿ ಕನಿಷ್ಠ 19 ಸಲವಾದರೂ ಉಲ್ಲೇಖ ಸಿಕ್ಕಿದೆ, ಅಷ್ಟೇ. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಈ ಲೆಕ್ಕ ಹಾಕಿಕೊಟ್ಟರು. ಇದು ಏರುತ್ತೆ, ವಯಸ್ಸಾಯಿತು ಅಂತ ಇಳಿಯಲ್ಲ. ಹಾಗಾಗಿ ಮೂವತ್ತು ವರ್ಷ ಲ್ಯಾಬ್ ನಡೆಸಿದವರನ್ನೂ ಎಂಟೇ ವರ್ಷ ನಡೆಸಿದವರನ್ನೂ ಇದರಲ್ಲಿ ಹೋಲಿಸಿದರೆ ತಿಳಿಯುವುದು ಹೆಚ್ಚಾಗಿ ಅನುಭವದ ವರ್ಷ.

ಇನ್ನು ಸೈಟೇಶನ್, ಅಂದರೆ ಈ ಉಲ್ಲೇಖ. ಜನ ಯಾಕೆ ಉಲ್ಲೇಖಿಸುತ್ತಾರೆ ಅನ್ನುವುದೇ ಮಜಾ. ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಒಂದು ಪೇಪರ್ ಬರೆದರು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ ಅದು. 2014ರ ಹೊತ್ತಿಗೆ ಅದಕ್ಕೆ ಮೂರು ಲಕ್ಷಕ್ಕೂ ಜಾಸ್ತಿ ಉಲ್ಲೇಖ! ಇದೇನು ಮಹಾ ಪೇಪರ್ ಅಲ್ಲ ಅಂತ ಲೌರಿಯವರೇ ಹೇಳಿಕೊಂಡಿದ್ದರು. ಎಲ್ಲರಿಗೂ ದಿನಾ ಬೇಕಾದ ವಿಧಾನ, ಬಳಸಿದವರೆಲ್ಲ ಹೆಸರು ಹಾಕಿದರು. ತಮಾಷೆ ನೋಡಿ, ಇಂಥದ್ದು ಒಂದೇ ಪೇಪರ್ ಬರೆದು ಸುಮ್ನೆ ಕೂತರೆ ಎಚ್-ಇಂಡೆಕ್ಸ್ ಬರುವುದು ಒಂದೇ ಒಂದು.

ಬೈಯುವುದಕ್ಕೂ ಉಲ್ಲೇಖಿಸುತ್ತಾರೆ. ದಡಾರ, ಮಂಪ್ಸ್, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂ ಜತೆ ತಳುಕು ಹಾಕಿದ ಆಂಡ್ರೂ ವೇಕ್‌ಫೀಲ್ಡ್ ಅವರ 1998ರ ಪೇಪರನ್ನು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಅದು ತಪ್ಪು ಎಂದು ತೋರಿಸಲು ಬರೆದವರೂ ಅದನ್ನೇ ಉಲ್ಲೇಖಿಸಬೇಕಲ್ವಾ? ಲೆಕ್ಕದ ಯಂತ್ರಕ್ಕೆ ಹೊಗಳಿಕೆಯೂ ಒಂದೇ, ತೆಗಳಿಕೆಯೂ ಒಂದೇ.

ಒಳ್ಳೆಯ ಕೆಲಸಕ್ಕೆ ಬೆಲೆ ತಡವಾಗಿ ಬರುವುದೂ ಉಂಟು. ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಎಂಆರ್‌ಎನ್‌ಎ ಬಗ್ಗೆ 2005ರಲ್ಲಿ ಬರೆದ ಪೇಪರ್ ಆಗ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಅದೇ ಕೆಲಸದ ಆಧಾರದ ಮೇಲೆ ಕೋವಿಡ್ ಲಸಿಕೆ ಬಂದ ಮೇಲೆ, 2023ರಲ್ಲಿ, ಇಬ್ಬರಿಗೂ ನೊಬೆಲ್ ಬಂತು.

ಇಂಪ್ಯಾಕ್ಟ್ ಫ್ಯಾಕ್ಟರ್ ಕಡೆ ನೋಡಲೇಬೇಡಿ. ಅದು ಒಂದು ಜರ್ನಲ್‌ನ ಪೇಪರ್‌ಗಳಿಗೆ ಸಿಗುವ ಉಲ್ಲೇಖಗಳ ಸರಾಸರಿ, ವ್ಯಕ್ತಿಯದ್ದಲ್ಲ. ಅದರಿಂದ ವಿಜ್ಞಾನಿಯನ್ನು ಅಳೆಯಬೇಡಿ ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಘೋಷಣೆಯನ್ನೇ ಸಿದ್ಧಪಡಿಸಿದರು.

ಹಾಗಾದರೆ ಏನು ನೋಡಬೇಕು? ಪೇಪರ್‌ಗಳ ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿ, ಈಚಿನ ಐದು ವರ್ಷದ್ದನ್ನು ಒಂದೊಂದಾಗಿ ತೆರೆಯಿರಿ. ಜೀವವೈದ್ಯಕೀಯದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಲ್ಯಾಬ್‌ನಲ್ಲಿ ಕೈಯಾರೆ ಪ್ರಯೋಗ ಮಾಡಿದವರದು, ಕೊನೆಯ ಹೆಸರು ಲ್ಯಾಬ್ ಮುಖ್ಯಸ್ಥರದು. ಗೈಡ್ ಹೆಸರು ಕೊನೆಯಲ್ಲಿ, ಅವರ ವಿದ್ಯಾರ್ಥಿಯ ಹೆಸರು ಮೊದಲಲ್ಲಿ ಇರುವ ಪೇಪರ್ ಎಷ್ಟಿವೆ? ನನ್ನ ಪ್ರಕಾರ ನಿಮಗೆ ಬೇಕಾದ ಲೆಕ್ಕ ಇದೊಂದೇ. ನೂರಾರು ಲೇಖಕರ ನಡುವೆ ಎಲ್ಲೋ ಹೆಸರಿರುವ ದೊಡ್ಡ ಟ್ರಯಲ್‌ಗಳಿಂದಲೂ (ರೋಗಿಗಳ ಮೇಲೆ ಚಿಕಿತ್ಸೆಯ ಪರೀಕ್ಷೆ) 61 ಆಗಬಹುದು. ಬೇರೆಯವರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆಯುವ ರಿವ್ಯೂ ಲೇಖನಗಳಿಂದಲೂ ಆಗಬಹುದು, ಅವಕ್ಕೆ ಉಲ್ಲೇಖ ಬೇಗ ಸಿಗುತ್ತೆ. ನಿಜವಾಗಿ ದುಡಿದೂ ಆಗಿರಬಹುದು, ಇಲ್ಲವೆನ್ನಲಾರೆ. ಇನ್ನೊಂದು, ಗೂಗಲ್ ಸ್ಕಾಲರ್‌ನಲ್ಲಿ ಅದೇ ಹೆಸರಿನ ಬೇರೆಯವರ ಪೇಪರ್‌ಗಳೂ ಕೆಲವೊಮ್ಮೆ ಸೇರಿಕೊಂಡಿರುತ್ತವೆ. ಅದನ್ನೂ ಗಮನಿಸಿ.

ಮಗಳು ಯಾಕೆ ಬೇಡ ಅನ್ನುತ್ತಿದ್ದಾಳೆ ಅಂತ ನೀವು ಬರೆದಿಲ್ಲ. ಅವಳು ಆ ಲ್ಯಾಬ್‌ನ ವಿದ್ಯಾರ್ಥಿಗಳ ಜತೆ ಮಾತಾಡಿರಬಹುದು. ಪಿಎಚ್‌ಡಿ ಮುಗಿಸಲು ಅಲ್ಲಿ ಎಷ್ಟು ವರ್ಷ ಹಿಡಿಯುತ್ತೆ, ಅರ್ಧಕ್ಕೇ ಬಿಟ್ಟವರು ಎಷ್ಟು ಮಂದಿ, ಗೈಡ್ ವಾರಕ್ಕೊಮ್ಮೆಯಾದರೂ ಸಿಗುತ್ತಾರಾ, ಇದು ಯಾವ ಪ್ರೊಫೈಲ್ ಪುಟದಲ್ಲೂ ಇರಲ್ಲ. ಮೊದಲು ಅವಳನ್ನೇ ಕೇಳಿ.