ಗೆಳತಿ ಬೇರೆ ಬೆಂಚಿಗೆ ಹೋದಳು

ಪ್ರಶ್ನೆ: ಮಗಳಿಗೆ 14 ವರ್ಷ. ಆಪ್ತ ಗೆಳತಿ ಬೇರೆ ಬೆಂಚಿನಲ್ಲಿ ಕುಳಿತಳೆಂದು, ‘ನಾನೇ ಸರಿಯಿಲ್ಲ, ಯಾರಿಗೂ ನಾನು ಬೇಡ, ಇನ್ನು ಯಾವಾಗಲೂ ಹೀಗೆಯೇ’ ಎಂದು ಮಂಕಾಗಿದ್ದಾಳೆ. ‘ಎಲ್ಲ ಸರಿಹೋಗುತ್ತದೆ’ ಎಂದರೆ ರೇಗುತ್ತಾಳೆ. ಏನು ಮಾಡಲಿ?

ಉತ್ತರ: ರೇಗದೆ ಇನ್ನೇನು ಮಾಡಿಯಾಳು ತಾಯೀ? ಆ ಮಾತನ್ನು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳ ಮಾತನ್ನೇ ಮತ್ತೊಮ್ಮೆ ಓದಿ: ‘ನಾನೇ’, ‘ಯಾರಿಗೂ’, ‘ಯಾವಾಗಲೂ’. ಕಹಿ ಘಟನೆಗೆ ಹೀಗೆ ಕಾರಣ ಕೊಟ್ಟುಕೊಳ್ಳುವವರು ಬೇಗ ಕುಸಿಯುತ್ತಾರೆ ಎಂದು ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ವಿವರಿಸಿದ್ದಾರೆ. ಆಶಾವಾದವೆಂದರೆ ಸುಳ್ಳು ನಗುವಲ್ಲ, ಆ ಮೂರು ಪದಗಳನ್ನು ತನಿಖೆಗೆ ಒಡ್ಡುವುದು. ‘ಯಾರಿಗೂ ಬೇಡವೇ? ನಿನ್ನೆ ನಿನ್ನ ಜೊತೆ ನಡೆದು ಬಂದವರು ಯಾರು?’ ಎಂದು ಕೇಳಿ, ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ, ಬಲ್ಲೆ.

ಆದರೆ ಬರೀ ಯೋಚನೆ ಬದಲಾದರೆ ಸಾಲದು, ಬಾಯಿಯೂ ಬರಬೇಕು. ಆ ವಯಸ್ಸಿನಲ್ಲಿ ನಾನು ಉಗ್ಗುತ್ತಿದ್ದೆ, ಗುಂಪು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತಿದ್ದೆ. ಚಿಕ್ಕಮ್ಮ ಒಂದೇ ವಾಕ್ಯ ಕಲಿಸಿದರು: ‘ನಾನೂ ಸೇರಿಕೊಳ್ಳಲೇ?’ ಕನ್ನಡಿಯ ಮುಂದೆ ವಾರವಿಡೀ ಅಭ್ಯಾಸ. ಮೊದಲ ಸಲ ‘ಬೇಡ’ ಎಂದರು, ಎರಡನೆಯ ಸಲ ಜಾಗ ಬಿಟ್ಟರು. ನಿಮ್ಮ ಮಗಳಿಗೂ ಒಂದು ವಾಕ್ಯ ಸಾಕು: ‘ನೀನು ಅಲ್ಲಿ ಕುಳಿತಾಗ ಬೇಜಾರಾಯಿತು, ಏನಾಯಿತು?’ ಗೆಳತಿಯ ಪಾತ್ರ ನೀವು ವಹಿಸಿ.

ಮಂಕುತನ ಎರಡು ವಾರ ದಾಟಿದರೆ, ನಿದ್ದೆ, ಊಟ ಕೆಟ್ಟರೆ ವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಅದೇ ದಿನ.