ಬಿರುದಿಗಿಂತ ಪಹಣಿ ಮೇಲು

‘ನಮ್ಮ ಮೂಲಪುರುಷರು ವಿಜಯನಗರದ ದಂಡನಾಯಕರಂತೆ. ಮನೆತನದ ಇತಿಹಾಸ ಬರೆಯುತ್ತಿದ್ದೇನೆ. ಹಳೆಯ ಕಂದಾಯದ ಕಾಗದಗಳೂ ಒಂದು ಕಟ್ಟು ಇವೆ. ಬರೀ ಎಕರೆ, ಗುಂಟೆ. ಅವುಗಳಿಂದ ಪ್ರಯೋಜನವುಂಟೇ?’ ಎಂದು ಮಂಡ್ಯ ಜಿಲ್ಲೆಯ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಹಿರಿಯರ ಮಾತನ್ನು ತಳ್ಳಿಹಾಕಬೇಡಿ, ಬರೆದಿಟ್ಟುಕೊಳ್ಳಿ. ಆದರೆ ಈ ಕಚೇರಿಗೆ ಬರುವ ಇಂಥ ಪತ್ರಗಳನ್ನೆಲ್ಲ ನಂಬಿದರೆ ವಿಜಯನಗರದ ಸೈನ್ಯದಲ್ಲಿ ಸಿಪಾಯಿಗಳೇ ಇರಲಿಲ್ಲವೆನ್ನಬೇಕಾಗುತ್ತದೆ!

ಕಂದಾಯ ಬರೆದುಕೊಂಡ ಶಾನುಭೋಗರಿಗೆ ನಿಮ್ಮ ಮುತ್ತಜ್ಜನನ್ನು ಹೊಗಳಿ ಆಗಬೇಕಾದದ್ದೇನೂ ಇರಲಿಲ್ಲ. ಹಣ ಕಟ್ಟುವವರು ಯಾರು, ಅವರು ಸತ್ತರೆ ಮುಂದೆ ಯಾರು, ಇಷ್ಟೇ ಲೆಕ್ಕ. ಆ ಕಟ್ಟು ಬಿಚ್ಚಿ, ಜಮೀನು ಯಾರದು, ಉಳುವವರು ಯಾರು ಎಂದು ಹೇಳುವ ಪಹಣಿಯ ಒಂಬತ್ತನೆಯ ಕಾಲಂ ನೋಡಿ: ಇಂಥವರು ಬಿನ್ (ತಂದೆ) ಇಂಥವರು. ಪಕ್ಕದ ಹತ್ತನೆಯದರಲ್ಲಿ ಎಂ.ಆರ್. ಸಂಖ್ಯೆ, ಅಂದರೆ ಖಾತೆ ಬದಲಾವಣೆಯ ವಹಿಯ ಸಂಖ್ಯೆ. ಅದನ್ನು ಹಿಡಿದು ತಾಲ್ಲೂಕು ಕಚೇರಿಯಲ್ಲಿ ನಕಲು ಪಡೆದರೆ ಜಮೀನು ಬಂದದ್ದು ಕ್ರಯದಿಂದಲೋ, ವಿಭಾಗದಿಂದಲೋ, ಪೌತಿಯಿಂದಲೋ (ಯಜಮಾನ ತೀರಿಕೊಂಡು ವಾರಸಾಗಿ) ತಿಳಿಯುತ್ತದೆ. ಪೌತಿಯಾದರೆ ವಾರಸುದಾರರೂ ಸಿಗುತ್ತಾರೆ. ಎಲ್ಲೋ ಒಂದು ಕಡೆ ‘ಮೈನರ್, ಗಾರ್ಡಿಯನ್ ತಾಯಿ’ ಎಂದಿದ್ದರೆ ಅಲ್ಲಿಯೇ ನಿಲ್ಲಿ. ಎಳೆಯ ಮಕ್ಕಳನ್ನು ಬಿಟ್ಟು ಯಜಮಾನ ತೀರಿಕೊಂಡ ಮನೆ ಅದು. ಸರ್ಕಾರಕ್ಕೆ ಉತ್ತರ ಹೇಳಬೇಕಾದವಳು ಆ ತಾಯಿ. ನಿಮ್ಮ ವಂಶಾವಳಿಯಲ್ಲಿ ಅವಳ ಹೆಸರಿದೆಯೇ? ನಮ್ಮ ವಂಶವೃಕ್ಷಗಳಲ್ಲಿ ಗಂಡಸರೇ ಗಂಡಸರನ್ನು ಹೆರುತ್ತಾ ಹೋಗುತ್ತಾರೆ.

ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ. ಸರ್ವೆ ನಂಬರಿನ ಎಳೆ ಅದರಾಚೆಗೆ ಹೋಗದು, ದಂಡನಾಯಕರವರೆಗಂತೂ ಇಲ್ಲ.

ಇನ್ನೊಂದು ಮಾತು, ಬೇಸರಿಸಬೇಡಿ. ಹನ್ನೆರಡನೆಯ ಕಾಲಂನಲ್ಲಿ ಸಾಗುವಳಿದಾರರ ಹೆಸರಿರುತ್ತದೆ. ಗೇಣಿದಾರರು ಉಳುತ್ತಿದ್ದರೂ ‘ಸ್ವಂತ’ ಎಂದು ಬರೆಸಿದವರು ಕಡಿಮೆಯೇನಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುವ ಜಮೀನಿನ ಹಕ್ಕು ಕೋರಿ ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳನ್ನು, ಭೂನ್ಯಾಯ ಮಂಡಳಿಯ ಕಡತಗಳನ್ನು ಪಕ್ಕದಲ್ಲಿಟ್ಟು ಓದಿದರೆ ನಿಮ್ಮ ಗದ್ದೆಯನ್ನು ಉತ್ತವರು ಯಾರೆಂಬುದು ಹೊರಬೀಳಬಹುದು. ಹಾಗೆಯೇ ತೋಟಿ, ತಳವಾರ, ನೀರಗಂಟಿಯವರಿಗೆ ಊರಿನ ಚಾಕರಿಗಾಗಿ ಬಿಟ್ಟಿದ್ದ ಇನಾಂ ಜಮೀನಿನ ದಾಖಲೆಗಳು. ಬಿರುದು ಹೇಳಿಕೊಳ್ಳದ ಮನೆತನಗಳ ಚರಿತ್ರೆ ಅಲ್ಲಿದೆ, ಅದನ್ನು ಬರೆಯಲು ಯಾರೂ ಮುಂದೆ ಬರುವುದಿಲ್ಲ.

ಬರೆಯಹೊರಟವರಿಗಾದರೂ ದಾರಿ ಸುಲಭವೇ? ರೆಕಾರ್ಡ್ ರೂಮಿನ ಬಾಗಿಲಲ್ಲಿ ಮೊದಲ ಪ್ರಶ್ನೆ: ‘ಯಾವ ಕೇಸು?’ ಕೇಸಿಲ್ಲ, ಅಜ್ಜಿಯ ಹೆಸರು ಹುಡುಕುತ್ತಿದ್ದೇನೆ ಎಂದರೆ ಗುಮಾಸ್ತರ ಮುಖದಲ್ಲಿ ಅನುಮಾನ. ಸಾಲಕ್ಕೂ ಮಾರಾಟಕ್ಕೂ ಬೇಕಾದ ಇಂದಿನ ಪಹಣಿ ಮೊಬೈಲಿನಲ್ಲೇ ಕಾಣುತ್ತದೆ; ಅಂಚು ಪುಡಿಯಾಗುತ್ತಿರುವ ಹಳೆಯ ವಹಿಗಳನ್ನು ಮುಟ್ಟಿದರೆ ಬೈಗುಳ, ಮುಟ್ಟದಿದ್ದರೆ ಗೆದ್ದಲು. ಶಾಸನದ ಕಲ್ಲಿಗೆ ಪೂಜೆ ಮಾಡುವ ನಾವು ಈ ಕಾಗದಕ್ಕೆ ಒಂದು ಒಳ್ಳೆಯ ಕಪಾಟನ್ನೂ ಕೊಟ್ಟಿಲ್ಲ.